ಕಾಂಪೌಂಡಿನ ದೀಪಗಳು ಮತ್ತು ಆರು ಕಾಲಿನ ಆನೆ

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಅದರಲ್ಲೂ ವಿದ್ಯುತ್ತಿನ ಪಾಠವೆಂದರೆ ನನಗೆ ಅಚ್ಚುಮೆಚ್ಚು. ಹೀಗಾಗಿ ನಿವೃತ್ತನಾದ ಮೇಲೆ ಮನೆಯಲ್ಲಿ ಫ್ಯಾನು ಕೆಟ್ಟರೂ ಮಿಕ್ಸರ್ ಕೆಟ್ಟರೂ ಹೊರಗಿನವರನ್ನು ಕರೆಯುವುದು ನನ್ನ ಪದವಿಗೇ ಅವಮಾನ ಎಂದು ತಿಳಿದಿದ್ದೆ. ನನ್ನ ಹೆಂಡತಿ ಗಿರಿಜಾ ಹಾಗೆ ತಿಳಿದಿರಲಿಲ್ಲ. ನಾನು ಊರಲ್ಲಿಲ್ಲದ ದಿನ ನೋಡಿ ಅವಳು ರಿಪೇರಿಯವರನ್ನು ಕರೆಸಿಬಿಡುತ್ತಿದ್ದಳು. ನಾನು ರಿಪೇರಿ ಮಾಡಿದ ಫ್ಯಾನುಗಳೆಲ್ಲ ಇಂದಿಗೂ ತಿರುಗುತ್ತಿರುವುದರ ಗುಟ್ಟು ನನಗೆ ಬಹಳ ತಡವಾಗಿ ಗೊತ್ತಾಯಿತು.

ಈ ಕಥೆ ಶುರುವಾದದ್ದು ಶಿಗ್ಗಾಂವಿಯಲ್ಲಿ. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿಕೊಂಡು ಅಂಗಳದಲ್ಲಿ ಕುಳಿತಿದ್ದಾಗ ಸೂರ್ಯ ಮುಳುಗಿದ. ಯಾರೂ ಸ್ವಿಚ್ ಒತ್ತಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಕಾಂಪೌಂಡಿನ ಮೇಲಿನ ದೀಪಗಳು ತಾವಾಗಿಯೇ ಹತ್ತಿಕೊಂಡವು. ಕತ್ತಲಾದದ್ದನ್ನು ದೀಪದೊಳಗಿನ ಒಂದು ಕಣ್ಣು ಕಂಡುಹಿಡಿಯುತ್ತದಂತೆ. ಬೆಳಗಾದರೆ ಆರುತ್ತವಂತೆ. ನಾನು ಬಸ್ಸಿನಲ್ಲಿ ಸವಣೂರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ನಮ್ಮ ಮನೆಯ ಕಾಂಪೌಂಡನ್ನೇ ಧ್ಯಾನಿಸಿದೆ.

ವಾರದೊಳಗೆ ಹನ್ನೆರಡು ದೀಪ ತಂದೆ. ಅಂಗಡಿಯಲ್ಲಿ ಎರಡು ಬಗೆ ಇದ್ದವು. ಎರಡಕ್ಕೂ ಒಂದೇ ಕಣ್ಣು, ಒಂದೇ ಬೆಳಕು. ಆದ್ದರಿಂದ ಅಗ್ಗದ್ದನ್ನೇ ಆರಿಸಿದೆ. ಎಲೆಕ್ಟ್ರಿಷಿಯನ್ನನ್ನು ಕರೆಯೋಣ ಎಂದು ಗಿರಿಜಾ ಹೇಳಿದಳು. ನಾನು ನಕ್ಕೆ. ಆ ನಗು ಈಗಲೂ ನನಗೆ ನೆನಪಿದೆ.

ತಂತಿ ಎಳೆಯುವಾಗ ಒಂದೇ ಒಂದು ತೊಡಕು ಬಂತು. ಗೇಟಿನಿಂದ ಮನೆಯೊಳಗೆ ತಂತಿ ತರಲು ಗೋಡೆ ಒಡೆಯಬೇಕಿತ್ತು. ಆದರೆ ಅಲ್ಲೇ ಮೊದಲಿನಿಂದ ಒಂದು ಪೈಪು ಇತ್ತು, ಟೆಲಿಫೋನ್ ತಂತಿಯದು. ನಮ್ಮ ಓಣಿಗೆ ಇನ್ನೂ ಹೊಸ ಬಗೆಯ ಕೇಬಲ್ ಬಂದಿಲ್ಲ. ಇಂಟರ್ನೆಟ್ಟು ಇವತ್ತಿಗೂ ಆ ಹಳೆಯ ಫೋನಿನ ತಂತಿಯಲ್ಲೇ ಮನೆಗೆ ಬರುತ್ತದೆ. ಪೈಪಿನಲ್ಲಿ ಜಾಗ ಧಾರಾಳವಾಗಿತ್ತು. ದೀಪದ ತಂತಿಯನ್ನೂ ಅದರಲ್ಲೇ ತೂರಿಸಿದೆ. ಗೋಡೆ ಉಳಿಯಿತು, ಸುಣ್ಣ ಉಳಿಯಿತು, ಶ್ರಮ ಉಳಿಯಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮೊದಲ ಸಂಜೆ ಓಣಿಯವರೆಲ್ಲ ಬಂದು ನೋಡಿದರು. ಪಕ್ಕದ ಮನೆಯ ಈರಣ್ಣ ತನ್ನ ಖಾರ ಕುಟ್ಟುವ ಮಷೀನು ಬಂದ್ ಮಾಡಿ, ಮೈಮೇಲಿನ ಕೆಂಪು ಪುಡಿ ಝಾಡಿಸಿಕೊಂಡು ಬಂದು ನಿಂತ. ಅವನು ನನ್ನ ಹಳೆಯ ವಿದ್ಯಾರ್ಥಿ. ಮದುವೆ ಮನೆ ಹಂಗ ಕಾಣತೈತಿ ಮಾಸ್ತರ್ರ, ಎಂದ. ನಾನು ಇದರಲ್ಲೇನಿದೆ ಎಂಬಂತೆ ಕೈಯಾಡಿಸಿದೆ. ಆದರೆ ಅರ್ಧ ಗಂಟೆ ಗೇಟು ಬಿಟ್ಟು ಒಳಗೆ ಹೋಗಲಿಲ್ಲ.

ಒಳಗೆ ಹೋದಾಗ ಗಿರಿಜಾ ಸೂಜಿ ಹಿಡಿದ ಕೈಯಲ್ಲೇ ಮೊಬೈಲನ್ನು ಮತ್ತೆ ಮತ್ತೆ ಒತ್ತುತ್ತ ಕುಳಿತಿದ್ದಳು.

ಗಿರಿಜಾಳ ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ಅವಳು ಕಸೂತಿ ಕಲಿಸುತ್ತಾಳೆ. ಅವ್ವನಿಂದ ಕಲಿತ ವಿದ್ಯೆ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಬದಿಗೆ ಒಂದೇ ತರಹ ಕಾಣುವಂತೆ ಹಾಕುವ ಹೊಲಿಗೆ. ದಿನಾ ಸಂಜೆ ಏಳಕ್ಕೆ ಇಂಟರ್ನೆಟ್ಟಿನಲ್ಲಿ ಕ್ಲಾಸು. ಹನ್ನೊಂದು ಮಂದಿ ಹೆಂಗಸರು. ಚಿಕ್ಕೇರೂರಿನ ಟೀಚರಮ್ಮ ಒಬ್ಬರು, ಯಲವಿಗಿಯ ಅಂಗನವಾಡಿಯಾಕೆ ಒಬ್ಬರು, ಉಳಿದವರು ಹಾನಗಲ್ಲು, ಶಿಗ್ಗಾಂವಿ ಕಡೆಯವರು. ಮನೆಗೆಲಸ ಮುಗಿಸಿ ಅವರೆಲ್ಲ ಕೂರುವ ಹೊತ್ತು ಅದೇ. ಹಾನಗಲ್ಲಿನ ಒಂದು ಮಹಿಳಾ ಸಂಘದವರು ಈ ಕ್ಲಾಸು ನೋಡಿ ಮೆಚ್ಚಿದರೆ ತಮ್ಮ ಸದಸ್ಯೆಯರಿಗೆಲ್ಲ ಗಿರಿಜಾಳಿಂದಲೇ ಕಲಿಸುವುದೆಂದು ಮಾತಾಗಿತ್ತು. ಅವಳು ಆ ದಿನಕ್ಕಾಗಿ ಮೂರು ತಿಂಗಳಿನಿಂದ ತಯಾರಾಗುತ್ತಿದ್ದಳು.

ಆ ಸಂಜೆ ಅವಳು ಆನೆಯ ಚಿತ್ತಾರ ಕಲಿಸುತ್ತಿದ್ದಳಂತೆ. ಸೊಂಡಿಲು ಹಾಕುವಾಗ ಚಿತ್ರ ನಿಂತುಹೋಯಿತು. ಅವಳ ಕೈ ಮುಂದೆ ಸಾಗಿತ್ತು. ಆದರೆ ಹನ್ನೊಂದು ಮನೆಗಳಲ್ಲಿ ಸೊಂಡಿಲೇ ಕಾಣುತ್ತಿತ್ತು. ಆಜ್ಞಾಪಾಲಕರಾದ ಚಿಕ್ಕೇರೂರಿನ ಟೀಚರಮ್ಮ ಸೊಂಡಿಲು ಹಾಕುತ್ತಲೇ ಹೋದರು. ಬಟ್ಟೆ ಮುಗಿದಾಗ ನಿಂತರು.

ಮರುದಿನ ಮತ್ತೆ ಹಾಗೇ ಆಯಿತು. ಮೂರನೆಯ ದಿನವೂ ಅಷ್ಟೇ. ಏಳಾಗುತ್ತಲೇ ಚಿತ್ರ ನಿಲ್ಲುವುದು, ದನಿ ಕಡಿಯುವುದು, ಎಲ್ಲರೂ ಮಾಯವಾಗುವುದು. ಯಲವಿಗಿಯಾಕೆ ಪ್ರತಿ ಸಲ ಮತ್ತೆ ಒಳಗೆ ಬಂದಾಗ ಕಾಲಿನಿಂದಲೇ ಶುರು ಮಾಡಿ, ಅವರ ಆನೆಗೆ ಆರು ಕಾಲುಗಳಾದವು. ಅದರ ಫೋಟೋ ಕಳಿಸಿ, ಅಕ್ಕೋರ, ಇದು ಸರಿ ಐತೇನ್ರಿ ಎಂದು ವಿನಯದಿಂದ ಕೇಳಿದರು.

"ಅಲ್ರಿ," ಗಿರಿಜಾ ನನಗೆ ಹೇಳಿದಳು, "ನಿಮ್ಮ ದೀಪ ಹತ್ತಿದ ದಿನದಿಂದನ ಇದು ಸುರು ಆಗೇತಿ. ಒಮ್ಮೆ ಅದನ್ನ ನೋಡ್ರಿ."

ನಾನು ಅವಳನ್ನು ಕೂರಿಸಿ, ಬೆಳಕೇ ಬೇರೆ, ಇಂಟರ್ನೆಟ್ಟೇ ಬೇರೆ ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ ಪಾಠ ಮಾಡಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತ ಕೇಳಿದಳು. ಬೆಳ್ಳುಳ್ಳಿ ಮುಗಿದ ಕೂಡಲೇ ಎದ್ದು ಹೋದಳು.

ಮೊದಲು ನನ್ನ ಅನುಮಾನ ಹೋದದ್ದು ಇಂಟರ್ನೆಟ್ ಕೊಡುವ ಕಂಪನಿಯ ಮೇಲೆ. ದೂರು ಕೊಟ್ಟೆ. ಹುಲಗೂರಿನ ಮೌಲಾಸಾಬ ಬಂದ. ನಲವತ್ತು ದಾಟಿದ, ಶಾಂತ ಸ್ವಭಾವದ ಲೈನ್‌ಮನ್. ಬೆಳಿಗ್ಗೆ ಹನ್ನೊಂದಕ್ಕೆ ಬಂದು ತಂತಿಗೆ ಯಂತ್ರ ಹಚ್ಚಿ ನೋಡಿ, ಲೈನು ಚೊಲೋ ಐತ್ರಿ ಸರ್ ಎಂದ. ಚಹಾ ಕುಡಿದು ಹೋದ. ಸಂಜೆ ಇಂಟರ್ನೆಟ್ಟು ಹೋಯಿತು. ಮರುದಿನ ಹನ್ನೊಂದಕ್ಕೆ ಮತ್ತೆ ಬಂದ. ಮತ್ತೆ ಚೊಲೋ ಇತ್ತು. ಮೂರನೆಯ ಸಲ ಬಂದಾಗ ಅವನು ತಂತಿ ನೋಡುವ ಮೊದಲು ನನ್ನ ಮುಖ ನೋಡಿದ. ನಿವೃತ್ತರಾದವರಿಗೆ ಮನೆಯಲ್ಲಿ ಮಾತಾಡಲು ಯಾರೂ ಇರುವುದಿಲ್ಲ ಎಂಬುದನ್ನು ಅರಿತವನ ಕರುಣೆ ಆ ಕಣ್ಣುಗಳಲ್ಲಿತ್ತು. ಅಂದು ಅವನೇ ಎರಡು ಕಪ್ ಚಹಾ ಕುಡಿದು, ನನ್ನ ಆರೋಗ್ಯ ವಿಚಾರಿಸಿ ಹೋದ.

ಇನ್ನು ಸಂಶೋಧನೆಯನ್ನು ನಾನೇ ಕೈಗೆತ್ತಿಕೊಳ್ಳದೆ ಗತ್ಯಂತರವಿರಲಿಲ್ಲ. ಇಂಟರ್ನೆಟ್ಟಿನ ಡಬ್ಬಿಯನ್ನು ಕಪಾಟಿನ ತಲೆಯ ಮೇಲಿಟ್ಟೆ. ಆಮೇಲೆ ದೇವರ ಕೋಣೆಯ ಬಾಗಿಲಿಗೆ ತೂಗುಹಾಕಿದೆ. ಅಲೆಗಳು ಚದುರಿ ಹೋಗುತ್ತಿರಬಹುದೆಂದು ಅದರ ಹಿಂದೆ ಜೋಳದ ಹಿಟ್ಟು ನಾದುವ ದೊಡ್ಡ ಪರಾತವನ್ನು ನಿಲ್ಲಿಸಿ, ಅಲೆಗಳನ್ನು ಗಿರಿಜಾಳ ಮೊಬೈಲಿನ ಕಡೆಗೆ ತಿರುಗಿಸಿದೆ. ಎರಡು ದಿನ ಮನೆಯಲ್ಲಿ ರೊಟ್ಟಿ ಆಗಲಿಲ್ಲ. ಮೂರನೆಯ ದಿನ ಗಿರಿಜಾ ಬಂದು ಪರಾತ ಎತ್ತಿಕೊಂಡು ಹೋದಳು. ಡಬ್ಬಿ ಉರುಳಿ ನನ್ನ ಕಾಲ ಮೇಲೆ ಬಿತ್ತು. ಡಬ್ಬಿಗೆ ಏನೂ ಆಗಲಿಲ್ಲ.

ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಾಗ ಪಕ್ಕದಿಂದ ದಡ್ ದಡ್ ಸದ್ದು ಕೇಳಿಸಿತು. ಈರಣ್ಣನ ಮಷೀನು! ನನಗೆ ರೋಮಾಂಚನವಾಯಿತು. ಅದು ಸಂಜೆ ಆರಕ್ಕೆ ಶುರುವಾದರೆ ಎಂಟರವರೆಗೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಊರಿಗೆ ಊರೇ ವರ್ಷದ ಖಾರ ಕುಟ್ಟಿಸಿಕೊಳ್ಳುತ್ತದೆ. ದೊಡ್ಡ ಮೋಟರು, ಅದರೊಳಗೆ ಕಿಡಿ, ಕಿಡಿಯಿಂದ ಅಲೆ, ಅಲೆಯಿಂದ ನಮ್ಮ ಆನೆಗೆ ಆರು ಕಾಲು. ಎಲ್ಲ ಕೊಂಡಿಗಳೂ ಕೂಡಿಕೊಂಡವು.

ಹೋಗಿ ಈರಣ್ಣನಿಗೆ ವಿವರಿಸಿದೆ. ಅವನು ಹತ್ತನೆಯ ಇಯತ್ತೆಯಲ್ಲಿ ನನ್ನ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ನಿಂತು ಕೇಳಿದ. ಆಗಲೂ ಅವನಿಗೆ ತಿಳಿಯುತ್ತಿರಲಿಲ್ಲ, ಈಗಲೂ ತಿಳಿಯಲಿಲ್ಲ. ಆದರೆ ಹೇಳಿದ ಮಾತು ಇದು: "ಅದಕ್ಕೇನ್ರಿ ಮಾಸ್ತರ್ರ, ಒಂದು ವಾರ ಸಂಜೀಮುಂದ ಬಂದ್ ಇಡ್ತೇನಿ. ಅಕ್ಕೋರ ಕ್ಲಾಸ್ ನಡೀಲಿ."

ಮೆಣಸಿನಕಾಯಿ ಚೀಲ ಹೊತ್ತು ಬಂದ ಗಿರಾಕಿಗಳನ್ನು ಅವನು ನನ್ನೆದುರಿಗೇ, ಸಂಜೆ ಮಷೀನು ಇಲ್ಲ, ಬೆಳಿಗ್ಗೆ ಬರ್ರಿ ಎಂದು ಹಿಂದೆ ಕಳಿಸಿದ. ಅವರು ನನ್ನ ಕಡೆ ನೋಡುತ್ತ ಹೋದರು.

ಮರುದಿನ ಸಂಜೆಯೇ ಒಂದು ಚಮತ್ಕಾರ ನಡೆಯಿತು. ಆರೂವರೆಗೆ ಊರಿಗೇ ಕರೆಂಟು ಹೋಯಿತು. ಇಂಟರ್ನೆಟ್ಟಿನ ಡಬ್ಬಿ ಇನ್ವರ್ಟರ್ ಮೇಲೆ ನಡೆಯುತ್ತಿತ್ತು. ಹೊರಗಿನ ದೀಪಗಳಿಗೆ ನಾನು ಇನ್ವರ್ಟರ್ ಕೊಟ್ಟಿರಲಿಲ್ಲ. ಈರಣ್ಣನ ಮಷೀನೂ ನಿಂತಿತ್ತು. ಗಿರಿಜಾಳ ಕ್ಲಾಸು ಒಂದು ಗಂಟೆ ಒಂದೂ ತಡೆಯಿಲ್ಲದೆ ನಡೆಯಿತು. ಯಲವಿಗಿಯ ಆನೆ ನಾಲ್ಕು ಕಾಲಿಗೆ ಬಂತು. ನಾನು ಕತ್ತಲಲ್ಲೇ ಹೊರಗೆ ಬಂದು, ಇದನ್ನೇ ಪ್ರಯೋಗ ಎನ್ನುತ್ತಾರೆ ಎಂದು ಓಣಿಯವರಿಗೆಲ್ಲ ಸಾರಿದೆ. ಈರಣ್ಣ ತಪ್ಪಿತಸ್ಥನಂತೆ ತಲೆ ತಗ್ಗಿಸಿದ.

ಮರುದಿನ ಕರೆಂಟು ಇತ್ತು. ಏಳಕ್ಕೆ ಇಂಟರ್ನೆಟ್ಟು ಹೋಯಿತು.

ಮಷೀನಿನ ಸದ್ದಿರಲಿಲ್ಲ. ಆದರೂ ನನ್ನ ಸಿದ್ಧಾಂತವನ್ನು ಬಿಡಲು ಮನಸ್ಸಾಗಲಿಲ್ಲ. ಈರಣ್ಣ ಸದ್ದಿಲ್ಲದೆ ಏನೋ ನಡೆಸುತ್ತಿರಬಹುದು ಎಂಬ ನೀಚ ವಿಚಾರ ತಲೆಗೆ ಬಂತು. ಸ್ಟೂಲು ಇಟ್ಟು, ನಡುವಿನ ಗೋಡೆಯ ಮೇಲೆ ಎರಡೂ ಕೈ ಊರಿ ಇಣುಕಿದೆ. ಈರಣ್ಣ ಖಾಲಿ ಚೀಲದ ಮೇಲೆ ಕುಳಿತು ಮಗಳಿಗೆ ಕನ್ನಡ ಪುಸ್ತಕ ಓದಿಸುತ್ತಿದ್ದ. ಮಷೀನಿನ ಮೇಲೆ ಬಟ್ಟೆ ಮುಚ್ಚಿತ್ತು. ನನಗೆ ನಾಚಿಕೆಯಾಗಿ, ಹಣೆಯ ಬೆವರು ಒರೆಸಿಕೊಂಡು ಕಣ್ಣು ತಿಕ್ಕಿಕೊಂಡೆ.

ಆ ಗೋಡೆಯ ಮೇಲೆ ಅವರು ಮಧ್ಯಾಹ್ನವೆಲ್ಲ ಮೆಣಸಿನಕಾಯಿ ಒಣಹಾಕಿದ್ದರು ಎಂಬುದು ನನಗೆ ಆಗ ತಿಳಿಯಿತು.

ಮುಂದಿನದ್ದು ನನಗೆ ಕಾಣಿಸಲಿಲ್ಲ, ಕೇಳಿಸಿತು ಅಷ್ಟೇ. ಸ್ಟೂಲು ಉರುಳಿದ್ದು, ನಾನು ಕೂಗಿದ್ದು, ಈರಣ್ಣ ಗೋಡೆ ಹಾರಿ ಬಂದದ್ದು. ಅವನೇ ನನ್ನನ್ನು ನಳದ ಹತ್ತಿರ ಕೂರಿಸಿ ಕಣ್ಣಿಗೆ ನೀರು ಹಾಕಿದ. ಅವನ ಹೆಂಡತಿ ತಣ್ಣನೆಯ ಹಾಲಿನಲ್ಲಿ ಅದ್ದಿದ ಅರಿವೆ ತಂದುಕೊಟ್ಟಳು. ಗೋಡೆ ಮ್ಯಾಲೆ ಏನ ಮಾಡಾಕತ್ತಿದ್ರಿ ಮಾಸ್ತರ್ರ, ಎಂದು ಇಬ್ಬರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಎರಡು ದಿನ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡಿದೆ. ಆ ಸ್ಥಿತಿಯಲ್ಲೇ ನನಗೆ ಹೊಳೆದದ್ದು, ಮೌಲಾಸಾಬ ಬೆಳಿಗ್ಗೆ ಬಂದರೆ ಏನೂ ಸಿಗುವುದಿಲ್ಲ, ಸಂಜೆಯೇ ಬಂದು ನೋಡಬೇಕು ಎಂದು. ಇದೊಂದೇ ನಾನು ಆ ತಿಂಗಳು ಮಾಡಿದ ಸರಿಯಾದ ವಿಚಾರ. ಆದರೆ ಅಲ್ಲಿಗೆ ಬಿಡಲಿಲ್ಲ. ಫೋನಿನ ತಂತಿ ಹೊರಗಿನಿಂದ ಕಾಂಪೌಂಡಿನ ಗೋಡೆಗೆ ಬಂದು ಒಂದು ಡಬ್ಬಿ ಸೇರುವ ಮೂಲೆ ಕತ್ತಲಾಗಿತ್ತು. ಅವನಿಗೆ ಕಾಣಬೇಕಲ್ಲ? ಅದೇ ಅಂಗಡಿಗೆ ಹೋಗಿ ಅದೇ ಜಾತಿಯ ಇನ್ನೂ ನಾಲ್ಕು ದೀಪ ತಂದು, ಫೋನಿನ ಡಬ್ಬಿಯ ಸುತ್ತ ಹಾರದ ಹಾಗೆ ಹಚ್ಚಿದೆ.

ಅಂದಿನಿಂದ ಸಂಜೆ ಇಂಟರ್ನೆಟ್ಟು ಹೋಗಿ ಬಂದು ಮಾಡುವುದು ನಿಂತಿತು. ಏಳಕ್ಕೆ ಹೋದರೆ ಬೆಳಗಿನವರೆಗೂ ಬರುತ್ತಿರಲಿಲ್ಲ.

ಮೌಲಾಸಾಬನಿಗೆ ಆ ವಾರ ಸಂಜೆ ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ಹಾನಗಲ್ಲಿನ ಸಂಘದ ಅಧ್ಯಕ್ಷೆ ಫೋನು ಮಾಡಿ, ಶುಕ್ರವಾರ ಕ್ಲಾಸು ನೋಡುತ್ತೇವೆ ಎಂದರು. ಗಿರಿಜಾ ಫೋನು ಕೆಳಗಿಟ್ಟು ಕಸೂತಿಯ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ಅವಳು ನನ್ನನ್ನು ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಅವಳು ಬಟ್ಟೆಯ ಮೇಲೆ ಕೈಯಾಡಿಸುತ್ತ, "ಇಷ್ಟ ದಿವಸ ಕಲಿಸಿದ್ದು ಅವರಿಗೆ ಕಾಣದಿದ್ರ ಏನ ಉಪಯೋಗ" ಎಂದಳು. ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡಂತೆ. ಕಾಲು ನೋವು, ಕಣ್ಣುರಿ ಎಲ್ಲ ಆ ಮಾತಿನ ಮುಂದೆ ಏನೂ ಅನ್ನಿಸಲಿಲ್ಲ.

ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಹಗಲು ಇಂಟರ್ನೆಟ್ಟು ಚೆನ್ನಾಗಿರುತ್ತದೆ. ಅದೊಂದು ದಿನ ಕ್ಲಾಸನ್ನು ಮಧ್ಯಾಹ್ನ ನಾಲ್ಕಕ್ಕೆ ಇಟ್ಟುಕೊಳ್ಳೋಣ ಎಂದು ಎಲ್ಲರಿಗೂ ತಿಳಿಸಿದಳು. ಹನ್ನೊಂದೂ ಮಂದಿ ಒಪ್ಪಿದರು. ಟೀಚರಮ್ಮ ಅದಕ್ಕಾಗಿ ಅರ್ಧ ದಿನ ರಜೆ ಹಾಕಿದರು.

ಶುಕ್ರವಾರ ನಾಲ್ಕಕ್ಕೆ ಎಲ್ಲ ಸರಿಯಾಗಿತ್ತು. ಇಳಕಲ್ ಸೀರೆ ಉಟ್ಟು, ಕಪ್ಪು ಬಟ್ಟೆಯ ಚೌಕಟ್ಟು ಹಿಡಿದು ಗಿರಿಜಾ ಗೋಪುರದ ಚಿತ್ತಾರ ಶುರು ಮಾಡಿದಳು. ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ನೋಡುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಏನನ್ನೂ ಮುಟ್ಟಬಾರದು ಎಂಬ ಷರತ್ತಿನ ಮೇಲೆ.

ನಾಲ್ಕೂಕಾಲಿಗೆ ಮುಗಿಲು ಕಪ್ಪಾಯಿತು. ಮಳೆಗಾಲದ ಮೊದಲ ಮೋಡ. ಗಾಳಿ ಎದ್ದಿತು, ಅಂಗಳದಲ್ಲಿ ಕತ್ತಲು ಕವಿಯಿತು. ಗೋಪುರ ಅರ್ಧಕ್ಕೆ ನಿಂತಿತು. ಅಧ್ಯಕ್ಷೆಯ ಮುಖ ಚೌಕ ಚೌಕವಾಗಿ ಒಡೆದು ಮಾಯವಾಯಿತು.

ಗಿರಿಜಾ ತಲೆ ಎತ್ತಿ ಕಿಟಕಿಯ ಹೊರಗೆ ನೋಡಿದಳು. ಕಾಂಪೌಂಡಿನ ಮೇಲೆ ಹದಿನಾರು ದೀಪಗಳು ಮಧ್ಯಾಹ್ನ ನಾಲ್ಕೂಕಾಲಿಗೆ ಜಗಜಗಿಸುತ್ತಿದ್ದವು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ಪಡಸಾಲೆಗೆ ಹೋಗಿ ಹೊರಗಿನ ದೀಪಗಳಿಗೆಲ್ಲ ಕರೆಂಟು ಕೊಡುವ ಸ್ವಿಚ್ ಆರಿಸಿದಳು. ಒಳಗಿನಿಂದ, ಅಕ್ಕೋರ, ಈಗ ಕಾಣಾಕತ್ತೀರಿ ಎಂಬ ದನಿ ಬಂತು. ಸ್ವಿಚ್ ಹಾಕಿದಳು. ದನಿ ಕಡಿಯಿತು. ಮತ್ತೆ ಆರಿಸಿದಳು. ದನಿ ಬಂತು. ಮೂರು ಸಲ ಹೀಗೆ ಮಾಡಿ ನನ್ನತ್ತ ತಿರುಗಿದಳು. "ಇದಕ್ಕನ ಪ್ರಯೋಗ ಅಂತಾರಲ್ರಿ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಗೋಪುರ ಐದು ಗಂಟೆಗೆ ಪೂರ್ಣವಾಯಿತು. ಅಧ್ಯಕ್ಷೆ ಬಟ್ಟೆಯ ಹಿಂಬದಿಯನ್ನೂ ತೋರಿಸಲು ಹೇಳಿ, ಎರಡೂ ಕಡೆ ಒಂದೇ ತರಹ ಇರುವುದನ್ನು ನೋಡಿ ಕೈಮುಗಿದರು. ಮುಂದಿನ ತಿಂಗಳಿನಿಂದ ಹಾನಗಲ್ಲಿನ ಸಂಘದವರು ಸೇರುವುದೆಂದು ಅಲ್ಲೇ ನಿಶ್ಚಯವಾಯಿತು. ಗಿರಿಜಾ ಎದ್ದು ಬಂದಾಗ ಅವಳ ಮುಖದಲ್ಲಿದ್ದ ಬೆಳಕಿಗೆ ನನ್ನ ಹದಿನಾರೂ ದೀಪ ಸಾಟಿಯಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ದೀಪದ ಮಾತು ತಗೀಬ್ಯಾಡ್ರಿ ಎಂದಳು.

ಮರುದಿನ ಮೌಲಾಸಾಬ ಬಂದು ಪೈಪು ಬಿಚ್ಚಿದ. ಫೋನಿನ ತಂತಿ ಮತ್ತು ದೀಪದ ತಂತಿ ಜಡೆಯ ಹಾಗೆ ಹೆಣೆದುಕೊಂಡಿದ್ದವು. ಅಗ್ಗದ ದೀಪಗಳೊಳಗೆ ಕರೆಂಟು ಇಳಿಸುವ ಒಂದು ಭಾಗವಿರುತ್ತದೆ. ಅದು ಕೆಲಸ ಮಾಡುವಾಗ ಗದ್ದಲ ಎಬ್ಬಿಸುತ್ತದೆ. ಪಕ್ಕದಲ್ಲೇ ಇಂಟರ್ನೆಟ್ಟಿನ ತಂತಿ ಇದ್ದರೆ ಆ ಗದ್ದಲದಲ್ಲಿ ಅದಕ್ಕೆ ತನ್ನ ಮಾತೇ ಕೇಳಿಸುವುದಿಲ್ಲ ಎಂದು ತಿಳಿಸಿ ಹೇಳಿದ. ಆಮೇಲೆ ಕೇಳಿದ, "ಸರ್, ಎರಡೂ ಒಂದ ಪೈಪಿನ್ಯಾಗ ಯಾರು ಹಾಕ್ಯಾರ್ರಿ?"

ಯಾರೋ ಎಲೆಕ್ಟ್ರಿಷಿಯನ್ ಎಂದೆ.

"ಆ ಎಲೆಕ್ಟ್ರಿಷಿಯನ್ ಇಲ್ಲೇ ನಿಂತಾರ ನೋಡಪಾ," ಎಂದಳು ಗಿರಿಜಾ, ಚಹಾದ ಕಪ್ಪು ಕೊಡುತ್ತ.

ಒಂದು ತಂತಿಯಲ್ಲಿ ಹರಿಯುವ ವಿದ್ಯುತ್ತು ಪಕ್ಕದ ತಂತಿಯ ಮೇಲೆ ಪರಿಣಾಮ ಬೀರುತ್ತದೆ ಎಂಬುದನ್ನು ನಾನು ಮೂವತ್ತೊಂದು ವರ್ಷ ಕಲಿಸಿದ್ದೆ. ಅದರ ಮೇಲೆ ಐದು ಅಂಕದ ಪ್ರಶ್ನೆ ಕೇಳುತ್ತಿದ್ದೆ. ಉತ್ತರ ಬರೆಯದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯನ್ನೂ ಕೊಟ್ಟಿದ್ದೆ. ಹಾಗೆ ನಿಂತವರಲ್ಲಿ ಈರಣ್ಣನೂ ಒಬ್ಬ.

ಅವನ ಮನೆಗೆ ಹೋದೆ. ತಪ್ಪು ನನ್ನದೆಂದು ಹೇಳಲು ದಾರಿಯಲ್ಲಿ ಒಳ್ಳೆಯ ವಾಕ್ಯಗಳನ್ನು ಕೂಡಿಸಿಕೊಂಡಿದ್ದೆ. ಅವನ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ. ದೀಪದ್ದ ತಪ್ಪು ಇತ್ತಪಾ, ನಿನ್ನ ಮಷೀನಿಂದಲ್ಲ, ನನ್ನ ಕ್ಷಮಿಸು ಎಂದಷ್ಟೇ ಬಂತು. ಈರಣ್ಣ ಗಾಬರಿಯಾಗಿ ಕುರ್ಚಿ ಹಾಕಿದ.

"ಹಂಗ್ಯಾಕಂತೀರಿ ಮಾಸ್ತರ್ರ," ಎಂದ. "ಎಂಟು ದಿವಸ ಸಂಜೀಮುಂದ ಮನ್ಯಾಗ ಕುಂತು ಚಾ ಕುಡದೆ. ಮಗಳ ಪುಸ್ತಕ ಪೂರಾ ಓದಿಸಿದೆ. ಬ್ಯಾಸಗಿ ಮುಗಿಯೂದ್ರಾಗ ಇನ್ನೊಮ್ಮೆ ಏನರ ಕೆಡಸ್ರಿ."

ಅವನು ಅದನ್ನು ಮನಸ್ಸಿನಿಂದಲೇ ಹೇಳಿದ. ಆ ಸಂಜೆ ಮಷೀನು ಮತ್ತೆ ಶುರುವಾಯಿತು. ಅದರ ಸದ್ದಿನ ಜೊತೆಗೇ ಗಿರಿಜಾಳ ಕ್ಲಾಸೂ ನಡೆಯಿತು. ದೀಪಗಳಿಗೆ ಮೌಲಾಸಾಬನೇ ಗೊತ್ತುಮಾಡಿದ ಒಬ್ಬ ಎಲೆಕ್ಟ್ರಿಷಿಯನ್ ಬೇರೆ ಪೈಪು ಹಾಕಿ, ಒಳ್ಳೆಯ ಬಗೆಯ ಆರು ದೀಪ ಕೂರಿಸಿ ಹೋದ. ಅವನು ಕೆಲಸ ಮಾಡುವಷ್ಟು ಹೊತ್ತು ಗಿರಿಜಾ ನನ್ನನ್ನು ಪೇಟೆಗೆ ಕಳಿಸಿದ್ದಳು.

ಈಗ ಮನೆಯಲ್ಲಿ ನನ್ನ ಕೈಗೆ ಸ್ಕ್ರೂಡ್ರೈವರ್ ಸಿಗುವುದಿಲ್ಲ. ಅದು ಎಲ್ಲಿದೆ ಎಂದು ಗಿರಿಜಾಳಿಗೆ ಮಾತ್ರ ಗೊತ್ತು. ಕೈ ಖಾಲಿ ಇದ್ದರೆ ಮತ್ತೇನು ಬಿಚ್ಚುತ್ತೇನೋ ಎಂಬ ಭಯಕ್ಕೆ ಅವಳು ನನ್ನನ್ನೂ ಕ್ಲಾಸಿಗೆ ಸೇರಿಸಿಕೊಂಡಿದ್ದಾಳೆ. ಹಾನಗಲ್ಲಿನ ಹೆಂಗಸರು ಸೇರಿದ ಮೊದಲ ದಿನ ನಾನೂ ಒಂದು ಮೂಲೆಯಲ್ಲಿ ಬಟ್ಟೆ ಸೂಜಿ ಹಿಡಿದು ಕುಳಿತೆ. ಎಳೆ ಎಣಿಸಿ, ನಾಲಿಗೆ ಕಚ್ಚಿ, ಮುಕ್ಕಾಲು ಗಂಟೆ ಹೋರಾಡಿ ಒಂದು ಸಾಲು ನೆಟ್ಟಗೆ ಹಾಕಿದೆ. ವಿಜ್ಞಾನದವನ ಕೈ ಸುಮ್ಮನೆ ಅಲ್ಲ ಎಂದು ಹಿಗ್ಗಿ, ಎಲ್ಲರಿಗೂ ತೋರಿಸಲು ಮೊಬೈಲಿನ ಮುಂದೆ ಎದ್ದು ನಿಂತು ಬಟ್ಟೆಯನ್ನು ಮೇಲೆತ್ತಿದೆ.

ಬಟ್ಟೆಯ ಜೊತೆ ನನ್ನ ಲುಂಗಿಯೂ ಮೇಲೆ ಬಂತು. ಎರಡನ್ನೂ ಕೂಡಿಸಿ ಹೊಲಿದಿದ್ದೆ.

ಅಂದು ಇಂಟರ್ನೆಟ್ಟು ಬಹಳ ಚೆನ್ನಾಗಿತ್ತು. ಚಿತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಸುತ್ತಲಿನ ನಾಲ್ಕೂ ತಾಲೂಕುಗಳಲ್ಲಿ ನನ್ನ ಪಟ್ಟಾಪಟ್ಟಿ ಚಡ್ಡಿ ಸ್ಪಷ್ಟವಾಗಿ ಕಾಣಿಸಿತಂತೆ.